ಕಚೇರಿಯ ಆಯುಸ್ಸು, ಕಟ್ಟಡದ ಆಯುಸ್ಸು

2025ನೆಯ ಇಸವಿಯ ಆಗಸ್ಟ್ 6ರಂದು ದೆಹಲಿಯಲ್ಲಿ ಕರ್ತವ್ಯ ಭವನವೆಂಬ ಹೊಸ ಕಚೇರಿಯ ಪ್ರಾರಂಭೋತ್ಸವ ನಡೆಯಿತು. ಕೇಂದ್ರ ಸರಕಾರದ ಮಂತ್ರಾಲಯಗಳನ್ನೆಲ್ಲ ಒಂದೇ ನೆರೆಯಲ್ಲಿ ತಂದಿರಿಸುವುದಕ್ಕಾಗಿ ಕಟ್ಟಲು ಉದ್ದೇಶಿಸಿರುವ ಹತ್ತು ಕಟ್ಟಡಗಳಲ್ಲಿ ಇದು ಮೊದಲು ಸಿದ್ಧವಾದದ್ದು. ಊರ ತುಂಬ ಚದುರಿಹೋಗಿರುವ ಕಚೇರಿಗಳ ಬಾಡಿಗೆಗೆಂದೇ ವರ್ಷಕ್ಕೆ 1,500 ಕೋಟಿ ರೂಪಾಯಿ ಸಲ್ಲುತ್ತಿದೆಯೆಂದು ಪ್ರಧಾನಮಂತ್ರಿಗಳು ಅಂದು ಹೇಳಿದರು. ಬಾಡಿಗೆ ಉಳಿಯುವುದಾದರೆ ಯಾರಿಗೂ ಸಂತೋಷವೇ. ಆದರೆ ಆ ದಿನಗಳ ವಾರ್ತೆಗಳ ನಡುವೆ ಅಡಗಿದ್ದ ಇನ್ನೊಂದು ಸಂಗತಿ ನನ್ನನ್ನು ಬಹುಕಾಲ ಕಾಡಿತು. ಹರ್ಬರ್ಟ್ ಬೇಕರ್ ರಚಿಸಿದ, 1931ರಲ್ಲಿ ಹೊಸದಿಲ್ಲಿಯೊಡನೆಯೇ ಲೋಕಾರ್ಪಣೆಗೊಂಡ ನಾರ್ತ್ ಬ್ಲಾಕ್ ಮತ್ತು ಸೌತ್ ಬ್ಲಾಕ್‌ಗಳನ್ನು ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಬೇಕೆಂಬುದು ಯೋಜನೆ. ಸ್ವಾತಂತ್ರ್ಯಾನಂತರ, 1950ರಿಂದ 1970ರ ದಶಕಗಳ ಅವಧಿಯಲ್ಲಿ ಕಟ್ಟಿದ ಶಾಸ್ತ್ರಿ ಭವನ, ಕೃಷಿ ಭವನ, ಉದ್ಯೋಗ ಭವನ, ನಿರ್ಮಾಣ ಭವನಗಳಿಗೆ ಮಾತ್ರ ಕೆಡವುವುದೇ ಗತಿಯೆಂದು ತೀರ್ಮಾನವಾಗಿದೆ. ಅವು ಹಳತಾಗಿವೆ, ನಿರ್ವಹಣೆಗೆ ದುಬಾರಿಯಾಗಿವೆ, ಇಂದಿನ ಕೆಲಸಕ್ಕೆ ಹೊಂದುವುದಿಲ್ಲ ಎಂಬುದು ಸರಕಾರ ಕೊಟ್ಟ ಕಾರಣ.

ತೊಂಬತ್ತು ದಾಟಿದ ಅಜ್ಜನಿಗೆ ಹೊಸ ಉದ್ಯೋಗ ಸಿಕ್ಕಿತು. ಅರುವತ್ತರ ಆಸುಪಾಸಿನ ಮಕ್ಕಳಿಗೆ ಚಟ್ಟ ಸಿದ್ಧವಾಯಿತು. ಇದೆಂತಹ ನ್ಯಾಯ? ಪರರಾಜ್ಯದವರು ಕಟ್ಟಿದ್ದು ಗಟ್ಟಿ, ನಾವು ಕಟ್ಟಿದ್ದು ಟೊಳ್ಳು ಎಂದು ನಿಟ್ಟುಸಿರುಬಿಡುವವರು ನಮ್ಮಲ್ಲಿ ಬಹಳ. ಆ ನಿಟ್ಟುಸಿರಿನಲ್ಲಿ ನಾನು ಪಾಲುಗೊಳ್ಳಲಾರೆ. ಪ್ರಶ್ನೆ ಗಾರೆಯ ಗಟ್ಟಿತನದ್ದು ಮಾತ್ರವಲ್ಲ. ನಾಳೆ ಯಾವ ಕೆಲಸ ಬರುವುದೆಂದು ತಿಳಿಯದಿರುವಾಗ ಇಂದು ಕಟ್ಟುವ ಕಟ್ಟಡ ಹೇಗಿರಬೇಕು ಎಂಬುದೇ ಪ್ರಶ್ನೆ. ದೆಹಲಿಯಲ್ಲಿ ಈಗ ಏಳುತ್ತಿರುವ ಹತ್ತು ಭವನಗಳಿಗೂ, ನಮ್ಮ ಜಿಲ್ಲೆ ತಾಲ್ಲೂಕುಗಳಲ್ಲಿ ಏಳುತ್ತಿರುವ ಆಡಳಿತ ಸೌಧಗಳಿಗೂ ಇದೇ ಪ್ರಶ್ನೆಯನ್ನು ಕೇಳಬೇಕಾಗಿದೆ.

ಕಚೇರಿ ಎಂಬ ಮಾತನ್ನೇ ನೋಡಿ. ಅದು ಹಿಂದುಸ್ತಾನಿ ಮರಾಠಿಗಳ ದಾರಿಯಿಂದ ನಮ್ಮಲ್ಲಿಗೆ ಬಂದದ್ದು. ಬಂದ ಮೇಲೆ ಕಂದಾಯದ ಕಚೇರಿಯಾಯಿತು, ನ್ಯಾಯದ ಕಚೇರಿಯಾಯಿತು, ಕೊನೆಗೆ ತಂಬೂರಿ ಮೃದಂಗಗಳನ್ನೂ ಕರೆದು ಕೂರಿಸಿಕೊಂಡು ಸಂಗೀತ ಕಚೇರಿಯೂ ಆಯಿತು. ಹತ್ತು ಜನ ಒಂದೆಡೆ ಕುಳಿತು ಒಂದು ಕಾರ್ಯವನ್ನು ನಡೆಸುವುದು ಎಂಬ ಸಡಿಲವಾದ ಅರ್ಥವಿದ್ದುದರಿಂದಲೇ ಅದಕ್ಕೆ ಇಷ್ಟು ಬಾಳಿಕೆ. ನಮ್ಮ ಹಳ್ಳಿಯ ಚಾವಡಿಯ ಸ್ವಭಾವವೂ ಇದೇ. ನಾಲ್ಕು ಕಂಬ, ಒಂದು ಜಗಲಿ, ಮೇಲೊಂದು ಮಾಡು. ಬೆಳಿಗ್ಗೆ ಶಾನುಭೋಗರ ಲೆಕ್ಕ, ಮಧ್ಯಾಹ್ನ ಪಂಚಾಯಿತಿಯ ವ್ಯಾಜ್ಯ, ಸಂಜೆ ಭಾರತವಾಚನ, ರಾತ್ರಿ ದಾರಿಹೋಕನ ನಿದ್ರೆ. ಚಾವಡಿಯನ್ನು ಕಟ್ಟಿದವನು ಇದು ಇಂಥದಕ್ಕೇ ಎಂದು ಹೇಳಿಹೋಗಲಿಲ್ಲ.

ದೊಡ್ಡ ಪ್ರಮಾಣದಲ್ಲಿ ಇದೇ ಕಥೆ ಬೆಂಗಳೂರಿನಲ್ಲಿ ನಡೆದಿದೆ. ಹೈದರನು 1781ರಲ್ಲಿ ಆರಂಭಿಸಿ ಟಿಪ್ಪುವು 1791ರಲ್ಲಿ ಮುಗಿಸಿದ ಕೋಟೆಯೊಳಗಿನ ಮರದ ಅರಮನೆಯನ್ನು ನಾವಿಂದು ಪ್ರೇಕ್ಷಣೀಯ ಸ್ಥಳವೆಂದು ನೋಡಿಬರುತ್ತೇವೆ. ಅದು ಮೂವತ್ತೇಳು ವರ್ಷಗಳ ಕಾಲ ಮೈಸೂರು ಸಂಸ್ಥಾನದ ಆಡಳಿತ ಕಚೇರಿಯಾಗಿದ್ದಿತೆಂಬುದು ಎಷ್ಟು ಜನಕ್ಕೆ ನೆನಪಿದೆ? 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಹೋದಾಗ ಅವರ ಕಚೇರಿ ಈ ಅರಮನೆಯಲ್ಲಿಯೇ ಬೀಡುಬಿಟ್ಟಿತು. ಬಣ್ಣದ ಕಂಬಗಳ ನಡುವೆ ಮೇಜು ಕುರ್ಚಿಗಳು ಬಂದು ಕುಳಿತವು. 1868ರಲ್ಲಿ ಕಬ್ಬನ್ ಉದ್ಯಾನದ ಅಂಚಿನಲ್ಲಿ ಹೊಸ ಕಟ್ಟಡ ಮುಗಿದ ಮೇಲೆ ಕಚೇರಿ ಅಲ್ಲಿಗೆ ಸಾಗಿತು. ಹದಿನೆಂಟು ಇಲಾಖೆಗಳನ್ನು ತುಂಬಿಕೊಂಡಿದ್ದರಿಂದ ಅದಕ್ಕೆ ಅಠಾರಾ ಕಚೇರಿಯೆಂದು ಹೆಸರು ಬಂದು, ಜನರ ಬಾಯಲ್ಲಿ ಅಟ್ಟಾರ ಕಚೇರಿಯಾಯಿತು. ಬೌರಿಂಗ್ ಕಮಿಷನರಾಗಿದ್ದ ಕಾಲ ಅದು. ಕಟ್ಟಿದ ಕಂಟ್ರಾಕ್ಟರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಎರಡಂತಸ್ತು, ಕಲ್ಲು ಇಟ್ಟಿಗೆ, ಎತ್ತರದ ಕಂಬಗಳ ಸಾಲು, ಅದರ ಹಿಂದೆ ನೆರಳಿನ ಮೊಗಸಾಲೆ, ಉದ್ದಕ್ಕೆ ಹರಡಿದ ಮೈ, ಮೈಯೆಲ್ಲ ಕೆಂಪು.

ಅಟ್ಟಾರ ಕಚೇರಿಯಲ್ಲಿ ಇಂದು ಹದಿನೆಂಟು ಇಲಾಖೆಗಳಲ್ಲಿ ಒಂದೂ ಇಲ್ಲ. 1956ರಲ್ಲಿ ಎದುರಿನ ವಿಧಾನಸೌಧ ಸಿದ್ಧವಾದಾಗ ಅವೆಲ್ಲ ರಸ್ತೆ ದಾಟಿಹೋದವು; ಉಚ್ಚ ನ್ಯಾಯಾಲಯ ಒಳಗೆ ಬಂತು. ಗುಮಾಸ್ತರಿಗೆಂದು ಮಾಡಿದ ಕೋಣೆಗಳು ನ್ಯಾಯಪೀಠಗಳಿಗೆ ಒಗ್ಗಿದವು. 1980ರ ದಶಕದ ಆರಂಭದಲ್ಲಿ ಇದನ್ನು ನೆಲಸಮ ಮಾಡಿ ಹೊಸದನ್ನು ಎಬ್ಬಿಸಬೇಕೆಂಬ ಆಲೋಚನೆ ಹೊರಟಿತು. ಊರಿನ ಕೆಲವು ಸಹೃದಯರು ಸುಮ್ಮನಿರದೆ ನ್ಯಾಯಾಲಯದ ಮೊರೆಹೊಕ್ಕರು. ವಿಚಾರಣೆ ನಡೆದದ್ದು ಯಾವ ಕಟ್ಟಡವನ್ನು ಕೆಡವಬೇಕೆಂದಿದ್ದರೋ ಅದೇ ಕಟ್ಟಡದೊಳಗೆ. ಕಟಕಟೆಯಲ್ಲಿ ನಿಂತ ಆರೋಪಿಯೇ ನ್ಯಾಯಾಧೀಶರ ತಲೆಗೆ ನೆರಳು ಕೊಟ್ಟ ಇಂತಹ ಮೊಕದ್ದಮೆ ಇನ್ನೆಲ್ಲಿಯಾದರೂ ನಡೆದಿದ್ದೀತೆ? ಕಟ್ಟಡ ಉಳಿಯಿತು. ನ್ಯಾಯಾಲಯದ ಕೆಲಸ ಬೆಳೆದಂತೆ ಮುಂದೆ ಹಿಂಬದಿಗೆ ಅದೇ ಕೆಂಪು ಬಣ್ಣದ ವಿಸ್ತರಣೆಯೊಂದನ್ನು ಕಟ್ಟಿದರು.

ವಿಧಾನಸೌಧದ ಕಡೆಗೂ ಒಮ್ಮೆ ತಿರುಗೋಣ. 1951ರ ಜುಲೈ 13ರಂದು ನೆಹರೂ ಅವರು ಅಸ್ತಿಭಾರವಿಟ್ಟಾಗ ಮೈಸೂರು ರಾಜ್ಯಕ್ಕೆ ಒಂಬತ್ತೇ ಜಿಲ್ಲೆಗಳು. ಕೆಂಗಲ್ ಹನುಮಂತಯ್ಯನವರ ಕನಸು ದೊಡ್ಡದೆಂದು, ಇಷ್ಟು ಚಿಕ್ಕ ರಾಜ್ಯಕ್ಕೆ ಇಷ್ಟು ದೊಡ್ಡ ಸೌಧವೇಕೆಂದು ಅಂದು ಆಕ್ಷೇಪಿಸಿದವರು ಕಡಮೆಯಿರಲಿಲ್ಲ. ಐದು ವರ್ಷ ಕಳೆದು 1956ರ ನವೆಂಬರ್ ಬರುವಷ್ಟರಲ್ಲಿ ರಾಜ್ಯದ ಪುನರ್ವಿಂಗಡಣೆಯಾಗಿ ಜಿಲ್ಲೆಗಳು ಹತ್ತೊಂಬತ್ತಾದವು. ಇಂದು ಮೂವತ್ತೊಂದು. ಅಸ್ತಿಭಾರ ಮತ್ತು ಕಳಶಗಳ ನಡುವಣ ಐದೇ ವರ್ಷದಲ್ಲಿ ರಾಜ್ಯವೇ ಇಮ್ಮಡಿಯಾದದ್ದನ್ನು ಯಾವ ನೀಲಿನಕ್ಷೆಯೂ ಮುಂಗಂಡಿರಲಿಲ್ಲ. ಹನುಮಂತಯ್ಯನವರ ಅತಿಯೆನಿಸಿದ ಔದಾರ್ಯವೇ ಆಪತ್ತಿಗಾಯಿತು. ಅದೂ ಸಾಲದಾಗಿ ಬಹುಮಹಡಿ ಕಟ್ಟಡ ಬಂತು, 2005ರಲ್ಲಿ ವಿಕಾಸಸೌಧ ಬಂತು. ಅದು ಬೇರೆ ಮಾತು.

ಧಾರವಾಡದ ದೃಷ್ಟಾಂತ ಸಾಹಿತ್ಯದ ಓದುಗರಿಗೆ ಇನ್ನೂ ಹತ್ತಿರದ್ದು. ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿಯ ಮುಖ್ಯ ಕಚೇರಿ ಆ ಊರಿನಲ್ಲಿದ್ದಿತು. 1908ರಲ್ಲಿ ಆ ಕಂಪನಿ ಮದರಾಸಿನ ರೈಲ್ವೆಯೊಡನೆ ಕೂಡಿಹೋಯಿತು; ಕಚೇರಿಯ ಯಜಮಾನಿಕೆ ಮದರಾಸಿಗೆ ಸರಿಯಿತು; ಕಲ್ಲಿನ ದೊಡ್ಡ ಕಟ್ಟಡ ಬರಿದಾಯಿತು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಮುಂದೆ ಅದರೊಳಗೆ ನೆಲೆನಿಂತಿತು. ಟಿಕೇಟು ತೂಕಗಳ ಲೆಕ್ಕ ಬರೆಯುವವರಿಗಾಗಿ ಎಬ್ಬಿಸಿದ ಗೋಡೆಗಳ ನಡುವೆ ವಿನಾಯಕ ಕೃಷ್ಣ ಗೋಕಾಕರು ಓದಿದರು, ಮುಂದೊಂದು ಕಾಲಕ್ಕೆ ಗಿರೀಶ ಕಾರ್ನಾಡರು ಓದಿದರು. ರೈಲ್ವೆಯ ಇಂಜಿನಿಯರನು ಕಾವ್ಯಮೀಮಾಂಸೆಯ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಕ್ಷೆ ಬರೆದನೆಂದು ಯಾರೂ ಹೇಳಲಾರರು. ಅವನು ಮಾಡಿದ್ದು ಇಷ್ಟೆ: ದಪ್ಪ ಗೋಡೆ, ಎತ್ತರದ ಚಾವಣಿ, ಧಾರಾಳವಾದ ಕೋಣೆ. ಉಳಿದದ್ದನ್ನು ಕಾಲ ಮಾಡಿತು.

ಕಲ್ಕತ್ತೆಯಲ್ಲಿ ಇದು ತಲೆಕೆಳಗಾಗಿ ನಡೆದಿದೆ. ಕಂಪನಿಯ ಗುಮಾಸ್ತರಿಗಾಗಿ 1777ರಲ್ಲಿ ಆರಂಭಿಸಿದ ರೈಟರ್ಸ್ ಬಿಲ್ಡಿಂಗನ್ನು ಎರಡು ಶತಮಾನ ಆಡಳಿತದ ನೆಲೆಯಾಗಿ ದುಡಿಸಿಕೊಂಡು, ರಿಪೇರಿಗೆಂದು 2013ರಲ್ಲಿ ಸಚಿವಾಲಯವನ್ನು ಹೌರಾದ ನಬಾನ್ನ ಎಂಬ ಕಟ್ಟಡಕ್ಕೆ ಸಾಗಿಸಿದರು. ನಬಾನ್ನವನ್ನು ಮೊದಲು ಕಟ್ಟಿದ್ದು ಸಿದ್ಧ ಉಡುಪಿನ ವ್ಯಾಪಾರಕ್ಕೆ. ಅಂಗಿ ಚಡ್ಡಿಗಳಿಗೆಂದು ಕಟ್ಟಿದ ಕಡೆ ಮುಖ್ಯಮಂತ್ರಿಗಳ ಕುರ್ಚಿ ಬಂದು ಕುಳಿತಿತು!

ಇನ್ನು ಸೋತ ಕಟ್ಟಡಗಳ ವಿಚಾರ. ಗೆದ್ದವುಗಳಿಗಿಂತ ಇವು ಹೆಚ್ಚು ಕಲಿಸುತ್ತವೆ. ಏಕೆಂದರೆ ಇವುಗಳನ್ನು ರಚಿಸಿದವರು ದಡ್ಡರಲ್ಲ, ಮಹಾಪ್ರತಿಭಾವಂತರು. ಅಮೆರಿಕದ ಬಫಲೋ ನಗರದಲ್ಲಿ ಸಾಬೂನು ಮಾರುವ ಲಾರ್ಕಿನ್ ಕಂಪನಿಗಾಗಿ ಫ್ರಾಂಕ್ ಲಾಯ್ಡ್ ರೈಟ್ ಒಂದು ಕಚೇರಿಯನ್ನು ರಚಿಸಿದನು. ಅದು ಮುಗಿದದ್ದು 1906ರಲ್ಲಿ. ಅಂಚೆಯಲ್ಲಿ ಬರುವ ಸಾವಿರಾರು ಬೇಡಿಕೆಗಳನ್ನು ವಿಲೇವಾರಿ ಮಾಡುವ ಆ ಕಂಪನಿಯ ಕಾರ್ಯಕ್ರಮವನ್ನು ಅಭ್ಯಸಿಸಿ ಕಟ್ಟಡವನ್ನು ಅದಕ್ಕೆ ಕೈಗವಸಿನಂತೆ ಹೊಲಿದುಕೊಟ್ಟನು. ಕಡತದ ಕಪಾಟುಗಳು ಗೋಡೆಯಲ್ಲಿಯೇ ಸೇರಿಕೊಂಡಿದ್ದವು. ಕುರ್ಚಿಗಳು ಮೇಜುಗಳಿಗೇ ತೂಗುಹಾಕಿದ್ದವು. ಹೊರಗಿನ ರೈಲಿನ ಹೊಗೆ ಬಾರದಂತೆ ಇಡೀ ಕಟ್ಟಡ ಒಳಮುಖವಾಗಿ, ಮುಚ್ಚಿದ ಕರಂಡಕದಂತೆ ಇದ್ದಿತು. ಲೋಕದ ವಾಸ್ತುಪಂಡಿತರೆಲ್ಲ ಹೊಗಳಿದರು. ಕಂಪನಿ ಮಾತ್ರ ನಾಲ್ಕು ದಶಕಗಳೊಳಗೆ ಕುಸಿಯಿತು. ಆ ಕೈಗವಸಿಗೆ ಹೊಂದುವ ಇನ್ನೊಂದು ಕೈ ಸಿಗಲಿಲ್ಲ. 1950ರಲ್ಲಿ ಅದನ್ನು ಕೆಡವಿದರು. ರೈಟ್ ಆಗಿನ್ನೂ ಬದುಕಿದ್ದನು.

ಹಾಗಾದರೆ ಬದಲಾವಣೆಯನ್ನೇ ಮುಂಗಂಡು, ಬದಲಾಗುವುದಕ್ಕಾಗಿಯೇ ಕಟ್ಟಬಹುದಲ್ಲ ಎನ್ನಬಹುದು. ಜಪಾನಿನಲ್ಲಿ ಕಿಶೋ ಕುರೊಕಾವ ಅದನ್ನೂ ಮಾಡಿನೋಡಿದನು. ಟೋಕಿಯೋದಲ್ಲಿ 1972ರಲ್ಲಿ ಮುಗಿದ ನಕಾಗಿನ್ ಗೋಪುರದಲ್ಲಿ ಎರಡು ಕಾಂಕ್ರೀಟಿನ ಬೊಡ್ಡೆಗಳು. ಅವಕ್ಕೆ ತಿರುಪುಗಳಿಂದ ಕಚ್ಚಿಸಿದ 140 ಉಕ್ಕಿನ ಗೂಡುಗಳು. ಹಗಲೆಲ್ಲ ದುಡಿದು ಊರಾಚೆಯ ಮನೆಗೆ ಹೋಗಲಾರದ ಕಚೇರಿಯ ನೌಕರನಿಗೆ ಒಂದೊಂದು ಗೂಡೇ ಬಿಡಾರ, ಅದೇ ಬರೆಯುವ ಕೋಣೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಹಳೆಯ ಗೂಡನ್ನು ಕಳಚಿ ಹೊಸದನ್ನು ಸಿಕ್ಕಿಸುವುದು, ಮರ ಎಲೆ ಉದುರಿಸಿ ಚಿಗುರಿದಂತೆ ಎಂಬುದು ತತ್ತ್ವ. ಐವತ್ತು ವರ್ಷದಲ್ಲಿ ಒಂದು ಗೂಡೂ ಬದಲಾಗಲಿಲ್ಲ. ಕೆಳಗಿನದನ್ನು ತೆಗೆಯಬೇಕಾದರೆ ಮೇಲಿನವನ್ನೆಲ್ಲ ತೆಗೆಯಬೇಕಾಗಿದ್ದಿತು. ಅದಕ್ಕೆ ಎಲ್ಲ ಮಾಲಿಕರೂ ಏಕಕಾಲದಲ್ಲಿ ಒಪ್ಪಿ ಹಣ ತೆರಬೇಕಾಗಿದ್ದಿತು. ಅವರು ಒಪ್ಪಲಿಲ್ಲ. 2022ರಲ್ಲಿ ಗೋಪುರವನ್ನು ಬಿಚ್ಚಿಹಾಕಿದರು. ನನಗೆ ಲಾರ್ಕಿನ್ನಿನ ಸೋಲಿಗಿಂತಲೂ ಈ ಸೋಲು ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಒಬ್ಬನು ವರ್ತಮಾನವನ್ನು ಅತಿಯಾಗಿ ನಂಬಿದನು. ಇನ್ನೊಬ್ಬನು ಭವಿಷ್ಯ ಇಂಥದೇ ರೀತಿಯಲ್ಲಿ ಬರುವುದೆಂದು ನಂಬಿದನು. ಭವಿಷ್ಯ ಬಂತು, ಆದರೆ ಬೇರೆ ಬಾಗಿಲಿನಿಂದ.

ಇದರಿಂದ ಹೊರಡುವ ತಿಳಿವಳಿಕೆಯನ್ನು ಫ್ರಾಂಕ್ ಡಫಿ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಸರಳವಾದ ಲೆಕ್ಕದಲ್ಲಿ ತೋರಿಸಿಕೊಟ್ಟಿದ್ದಾನೆ. ಸ್ಟುವರ್ಟ್ ಬ್ರಾಂಡ್ ಎಂಬವರು 1994ರಲ್ಲಿ ಬರೆದ, ಕಟ್ಟಡಗಳು ಹೇಗೆ ಕಲಿಯುತ್ತವೆ ಎಂಬ ಗ್ರಂಥದಲ್ಲಿ ಅದು ವಿಸ್ತಾರಗೊಂಡಿದೆ. ಕಟ್ಟಡವೆಂಬುದು ಒಂದು ವಸ್ತುವಲ್ಲ. ಬೇರೆ ಬೇರೆ ಆಯುಸ್ಸಿನ ಹಲವು ವಸ್ತುಗಳ ಕೂಟ. ಕಂಬ ತೊಲೆ ನೆಲಗಳ ಅಸ್ಥಿಪಂಜರಕ್ಕೆ ಐವತ್ತು ವರ್ಷವೋ ಅದಕ್ಕೂ ಮೇಲೋ ಆಯುಸ್ಸು. ನೀರಿನ ಕೊಳಾಯಿ, ವಿದ್ಯುತ್ತಿನ ತಂತಿ, ಲಿಫ್ಟು, ತಂಪುಯಂತ್ರಗಳಿಗೆ ಹದಿನೈದು ವರ್ಷದ ಆಸುಪಾಸು. ಒಳಗಿನ ಅಡ್ಡಗೋಡೆಗಳು ಐದಾರು ವರ್ಷಕ್ಕೊಮ್ಮೆ ಸ್ಥಾನ ಪಲ್ಲಟ ಮಾಡುತ್ತವೆ. ಅಂದರೆ ಒಂದೇ ಅಸ್ಥಿಪಂಜರದ ಜೀವಮಾನದಲ್ಲಿ ಕೊಳಾಯಿ ತಂತಿಗಳ ಮೂರು ತಲೆಮಾರು, ಅಡ್ಡಗೋಡೆಗಳ ಹತ್ತು ತಲೆಮಾರು ಹುಟ್ಟಿ ಸಾಯುತ್ತವೆ. ಇವುಗಳಿಗೆ ತಗಲುವ ಒಟ್ಟು ವೆಚ್ಚ ಮೊದಲು ಕಟ್ಟಲು ತಗಲಿದ ವೆಚ್ಚವನ್ನು ಎಷ್ಟೋ ಮೀರಿಹೋಗುತ್ತದೆ.

ಬೇಗ ಸಾಯುವುದನ್ನು ತಡವಾಗಿ ಸಾಯುವುದಕ್ಕೆ ಬೆಸೆಯಬಾರದು: ಇದಿಷ್ಟು ಅರಿತರೆ ಅರ್ಧ ಕೆಲಸವಾಯಿತು. ನಮ್ಮ ಸರಕಾರಿ ಕಟ್ಟಡಗಳಲ್ಲಿ ನಡೆಯುವುದೇನು? ಕೊಳಾಯಿಯನ್ನು ಕಾಂಕ್ರೀಟಿನೊಳಗೇ ಹೂಳುತ್ತೇವೆ. ಹದಿನೈದು ವರ್ಷದ ಮೇಲೆ ಅದು ಸೋರಿದಾಗ, ಚಾವಣಿ ತೇವಗೊಂಡು, ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ, ಸಿಮೆಂಟು ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಆಗ ಕಟ್ಟಡ ಶಿಥಿಲವಾಗಿದೆಯೆಂದು ವರದಿ ಬರುತ್ತದೆ. ಶಿಥಿಲವಾದದ್ದು ಮೂರಂಗುಲದ ಕೊಳಾಯಿ. ಮರಣದಂಡನೆ ಇಡೀ ಕಟ್ಟಡಕ್ಕೆ. ಕೊಳಾಯಿಗೂ ತಂತಿಗೂ ಮನುಷ್ಯನೊಬ್ಬ ನುಗ್ಗಿ ಕೈಯಾಡಿಸುವಷ್ಟು ಓಣಿಯನ್ನು ಬೇರೆಯಾಗಿ ಬಿಟ್ಟಿದ್ದರೆ ಒಂದು ವಾರದ ರಿಪೇರಿಯಲ್ಲಿ ಮುಗಿಯುತ್ತಿತ್ತು.

ಈ ಅಸ್ಥಿಪಂಜರದ ವಿಚಾರಕ್ಕೆ ನಮ್ಮ ಭಾಷೆಯಲ್ಲಿ ಹೊಸ ಪರಿಭಾಷೆಯನ್ನು ಟಂಕಿಸಬೇಕಾಗಿಲ್ಲ. ಅಂಕಣ ಎಂಬ ಮಾತು ಇದೆ. ಇಂದು ಪತ್ರಿಕೆಯ ಅಂಕಣವೊಂದೇ ನಮಗೆ ಗೊತ್ತು. ನಮ್ಮ ಹಿರಿಯರು ಮನೆಯ ಅಳತೆಯನ್ನೇ ಅಂಕಣದಲ್ಲಿ ಹೇಳುತ್ತಿದ್ದರು. ಕಂಬದಿಂದ ಕಂಬಕ್ಕೆ ನಡುವಣ ತೆರಪು ಒಂದು ಅಂಕಣ. ಮೂರು ಅಂಕಣದ ಮನೆ, ಐದು ಅಂಕಣದ ಮನೆ ಎಂದರೆ ಎಷ್ಟು ಕೋಣೆಯೆಂದಲ್ಲ, ಎಷ್ಟು ತೆರಪೆಂದು. ಭಾರವನ್ನು ಹೊರುವುದು ಕಂಬ; ಗೋಡೆ ಬರಿಯ ಮರೆ. ಅಣ್ಣತಮ್ಮಂದಿರು ಬೇರೆಯಾದರೆ ನಡುವೆ ಗೋಡೆ ಬಂತು. ಮದುವೆಯ ಸಮಯಕ್ಕೆ ತಟ್ಟಿಯ ಮರೆ ತೆಗೆದು ಹಜಾರವಾಯಿತು. ಸುಗ್ಗಿಯಲ್ಲಿ ಅದೇ ಅಂಕಣ ಕಣಜದ ಕೋಣೆ. ಇಂದಿನ ಇಂಜಿನಿಯರರು ಕಂಬಗಳ ಚೌಕುಳಿ ಎಂದು ಹೇಳುವುದು ಇದನ್ನೇ. ಕೆಲಸಕ್ಕೆ ತಕ್ಕ ಕೋಣೆಯೆಂದು ಆಲೋಚಿಸಿದವನು ಒಂದು ಕಚೇರಿಯನ್ನು ಕಟ್ಟುತ್ತಾನೆ. ಅಂಕಣವೆಂದು ಆಲೋಚಿಸಿದವನು ಹತ್ತು ಕಚೇರಿಗಳಿಗೆ ಎಡೆ ಮಾಡುತ್ತಾನೆ.

ಎತ್ತರ, ಅಗಲ, ನೆಲದ ಬಲ, ಇವು ಮೂರನ್ನು ಮೊದಲು ಕೊಡದಿದ್ದರೆ ಅನಂತರ ಎಷ್ಟು ಹಣವಿದ್ದರೂ ಕೊಡಲಾಗುವುದಿಲ್ಲ. ಎತ್ತರದ ಲೆಕ್ಕವನ್ನು ಯಾವ ಓದುಗನಾದರೂ ತನ್ನ ಕೋಣೆಯಲ್ಲಿಯೇ ಪರೀಕ್ಷಿಸಬಹುದು. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಷ್ಟು ದೂರದವರೆಗೆ ಓದಲು ತಕ್ಕ ಹಗಲು ಬೆಳಕು ಒಳಗೆ ಬರುವುದೆಂದು ಸ್ಥೂಲವಾಗಿ ಹೇಳುತ್ತಾರೆ. ಏಳಡಿಯ ಕಿಟಕಿಗೆ ಹದಿನಾಲ್ಕು ಅಡಿ; ಹನ್ನೆರಡಡಿಯ ಕಿಟಕಿಗೆ ಇಪ್ಪತ್ತನಾಲ್ಕು ಅಡಿ. ಎರಡು ಬದಿಗೂ ಅಂತಹ ಕಿಟಕಿಗಳಿದ್ದರೆ ನಲವತ್ತೆಂಟಡಿ ಅಗಲದ ಹಜಾರ ದೀಪವಿಲ್ಲದೆ ಬೆಳಗುತ್ತದೆ. ಅಟ್ಟಾರ ಕಚೇರಿಯ ಕಾಲದವರು ಎತ್ತರಕ್ಕೆ ಎತ್ತರ ಕಟ್ಟಿದ್ದು ದರ್ಪಕ್ಕಾಗಿ ಮಾತ್ರವಲ್ಲ. ವಿದ್ಯುತ್ತಿಲ್ಲದ ಕಾಲದಲ್ಲಿ ಅವರಿಗೆ ಅನ್ಯ ಮಾರ್ಗವಿರಲಿಲ್ಲ. ಬಡತನ ಕಲಿಸಿದ ಆ ಪಾಠವನ್ನು ವಿದ್ಯುದ್ದೀಪ ಮರೆಸಿತು. ನೆಲದ ಬಲವೂ ಹೀಗೆಯೇ. ಕಚೇರಿಯ ನೆಲ ಚದರ ಮೀಟರಿಗೆ ಸುಮಾರು 250ರಿಂದ 400 ಕಿಲೋಗ್ರಾಮಿನ ಭಾರ ಹೊರುವಂತಿದ್ದರೆ ಸಾಕೆಂದು ನಮ್ಮ ದೇಶದ ನಿಯಮ. ಪುಸ್ತಕ ಭಂಡಾರದ ಕಪಾಟುಗಳಿಗೆ 600ಕ್ಕೆ ಕಡಮೆಯಿಲ್ಲ. ಮಿತಿಗೆ ಸರಿಯಾಗಿ ಕಟ್ಟಿದ ಕಚೇರಿ ಮುಂದೆ ಗ್ರಂಥಾಲಯವಾಗಲಾರದು. ಸ್ವಲ್ಪ ಹೆಚ್ಚು ಕಂಬಿ ಹಾಕಿದ್ದರೆ ಆದೀತು.

ಇನ್ನು ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಸೌಧಗಳನ್ನು ನೋಡಿದರೆ ಇದೆಲ್ಲಕ್ಕೂ ವಿರುದ್ಧವಾದ ದೃಶ್ಯ. 2020ರ ಮಾರ್ಚಿಯಲ್ಲಿ, ಮಹಾಮಾರಿಯ ಭಯದಿಂದ, ಒಂದೇ ವಾರದಲ್ಲಿ ಅವೆಲ್ಲ ಬರಿದಾದವು. ಕಂಪ್ಯೂಟರು ಹೊತ್ತ ತರುಣರು ಹಾಸನ, ಶಿರಸಿ, ರಾಯಚೂರುಗಳ ತಮ್ಮ ತಂದೆಯ ಮನೆಯ ಅಟ್ಟದಲ್ಲಿ ಕುಳಿತು ಅದೇ ಕೆಲಸವನ್ನು ಮಾಡಿದರು. ಕಚೇರಿ ನಡೆಯಿತು, ಕಟ್ಟಡವಿಲ್ಲದೆ! ಅನಂತರ ಬಹುಮಂದಿ ಹಿಂದಿರುಗಿದ್ದಾರೆ, ಆದರೂ ವಾರವಿಡೀ ಎಲ್ಲರೂ ಬರುವರೆಂಬ ಹಿಂದಿನ ನಿಶ್ಚಯ ಉಳಿದಿಲ್ಲ. ನಾಳೆ ಯಂತ್ರಬುದ್ಧಿ ಎಷ್ಟು ಮೇಜುಗಳನ್ನು ಬರಿದು ಮಾಡೀತೋ ಹೇಳುವವರಿಲ್ಲ. ಆಗ ಈ ಸೌಧಗಳನ್ನು ಮನೆಗಳಾಗಿಯೋ ವಿದ್ಯಾರ್ಥಿ ನಿಲಯಗಳಾಗಿಯೋ ತಿರುಗಿಸಬಹುದೆ? ನ್ಯೂಯಾರ್ಕಿನಲ್ಲಿ 1931ರ ಒಂದು ಬ್ಯಾಂಕಿನ ಗೋಪುರವನ್ನು, ಒಂದನೆಯ ನಂಬರು ವಾಲ್ ಸ್ಟ್ರೀಟ್ ಎಂಬುದನ್ನು, 2023ರ ಹೊತ್ತಿಗೆ 566 ಮನೆಗಳಾಗಿ ಮಾರ್ಪಡಿಸಿದರು. ದೀಪಕ್ಕಿಂತ ಕಿಟಕಿಯನ್ನು ಹೆಚ್ಚು ನಂಬಿದ ಕಾಲದ ಕಟ್ಟಡ ಅದು. ನಮ್ಮ ಗಾಜಿನ ಸೌಧಗಳ ಹೊಟ್ಟೆ ಅತಿ ದಪ್ಪ. ಗಾಜಿನಿಂದ ಐವತ್ತು ಅರುವತ್ತು ಅಡಿ ಒಳಗೆ ಮಲಗುವ ಕೋಣೆ ಮಾಡಿದರೆ ಅಲ್ಲಿ ಹಗಲೆಂಬುದೇ ಇರದು. ಮೈಯೆಲ್ಲ ಗಾಜು, ತೆರೆಯಲು ಒಂದು ಕಿಟಕಿಯಿಲ್ಲ.

ಇದರ ರುಚಿಯನ್ನು ನಾನೇ ಕಂಡಿದ್ದೇನೆ. ಎರಡು ವರ್ಷದ ಹಿಂದೆ ಒಂದು ಬೇಸಗೆಯ ಮಧ್ಯಾಹ್ನ, ಸೇವಾ ದಾಖಲೆಯ ಕೆಲಸಕ್ಕಾಗಿ ಹೊಸದಾಗಿ ಕಟ್ಟಿದ ಒಂದು ಸರಕಾರಿ ಕಚೇರಿಗೆ ಹೋಗಿದ್ದೆ. ಮುಂಭಾಗ ಪೂರ್ತಿ ನೀಲಿ ಗಾಜು. ಕರೆಂಟು ಹೋಯಿತು. ಜನರೇಟರಿನ ವಿದ್ಯುತ್ತು ಕಂಪ್ಯೂಟರಿಗೂ ಲಿಫ್ಟಿಗೂ ಮಾತ್ರ. ಕಾಲು ಗಂಟೆಯಲ್ಲಿ ಆ ಗಾಜಿನ ಪೆಟ್ಟಿಗೆ ಕಮ್ಮಾರನ ಕುಲುಮೆಯಾಯಿತು. ಕಡತವನ್ನೇ ಬೀಸಣಿಗೆ ಮಾಡಿಕೊಂಡು ಸಿಬ್ಬಂದಿಯೆಲ್ಲ ಹೊರಗೆ ಹೊಂಗೆಯ ಮರದ ಕೆಳಗೆ ಸೇರಿದರು. "ಮೇಷ್ಟ್ರೇ, ಕಾಗದ ಇಲ್ಲೇ ಕೊಡಿ, ಒಳಗೆ ಯಾಕೆ ಬೇಯ್ತೀರಿ" ಎಂದರು ಗುಮಾಸ್ತರು. ನನ್ನ ಅರ್ಜಿಗೆ ಮೊಹರು ಬಿದ್ದದ್ದು ಆ ಮರದ ಬುಡದಲ್ಲಿ.

ಇಷ್ಟಾದರೂ ಹಳೆಯದೆಲ್ಲ ಹೊನ್ನೆಂದು ನಾನು ಹೇಳುತ್ತಿಲ್ಲ. ಉಳಿದುಬಂದ ಹಳೆಯ ಕಟ್ಟಡಗಳನ್ನಷ್ಟೇ ನಾವು ನೋಡುತ್ತೇವೆ; ಅವುಗಳ ಜೊತೆ ಹುಟ್ಟಿ ಬಿದ್ದುಹೋದ ನೂರಾರು ಮುರುಕು ಕಚೇರಿಗಳು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಉಳಿದವುಗಳಲ್ಲೂ ಗಾಲಿಕುರ್ಚಿಯಲ್ಲಿ ಬರುವವನಿಗೆ ದಾರಿಯಿಲ್ಲ. ಹೆಂಗಸರಿಗೆ ಶೌಚದ ಕೋಣೆಯೇ ಇರಲಿಲ್ಲ, ಏಕೆಂದರೆ ಹೆಂಗಸರು ಅಧಿಕಾರಿಗಳಾಗಿ ಬರುವರೆಂದು ಅವನ್ನು ಕಟ್ಟಿದವರು ಎಣಿಸಿರಲಿಲ್ಲ. ಕಟ್ಟಡ ಒಗ್ಗುವಂತಿದ್ದುದರಿಂದ ಇವನ್ನೆಲ್ಲ ಅನಂತರ ಸೇರಿಸಲಾಯಿತು ಎಂಬುದಷ್ಟೇ ನನ್ನ ಮಾತು. ಕಟ್ಟಡದ ಗುಣವೊಂದೇ ಅದನ್ನು ಉಳಿಸದು ಎಂಬುದೂ ನಿಜ. ನ್ಯೂಯಾರ್ಕಿನ ಪಾರ್ಕ್ ಅವೆನ್ಯೂದಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಗಾಗಿ 1960ರಲ್ಲಿ ಮುಗಿದ 52 ಅಂತಸ್ತುಗಳ ಗೋಪುರವನ್ನು ಒಂದು ಬ್ಯಾಂಕು ಕೊಂಡು, ಲಕ್ಷಣವಾಗಿ ನವೀಕರಿಸಿ, ಹತ್ತು ವರ್ಷ ಕಳೆಯುವುದರೊಳಗೆ ಕೆಡವಿಹಾಕಿತು. ನಗರದ ನಿಯಮ ಬದಲಾಗಿ ಅದೇ ನೆಲದ ಮೇಲೆ ಇನ್ನೂ ದೊಡ್ಡದನ್ನು ಕಟ್ಟಲು ಅಪ್ಪಣೆ ದೊರೆತಿದ್ದಿತು. ಹೊಸದು 2025ರ ಅಕ್ಟೋಬರಿನಲ್ಲಿ ತೆರೆಯಿತು. ಅಲ್ಲಿ ಕೊಂದದ್ದು ತುಕ್ಕಲ್ಲ, ನೆಲದ ಬೆಲೆ.

ಹಣದ ಆಕ್ಷೇಪವೊಂದುಂಟು. ಎತ್ತರ ಹೆಚ್ಚಿಸಿ, ನೆಲ ಬಲಪಡಿಸಿ, ಕೊಳಾಯಿಗೆ ಓಣಿ ಬಿಟ್ಟರೆ ಖರ್ಚು ಹೆಚ್ಚುವುದಿಲ್ಲವೆ? ಹೆಚ್ಚುತ್ತದೆ. ಆದರೆ ಹೆಚ್ಚುವುದು ಕಂಬ ಗೋಡೆ ಕಂಬಿಗಳ ಖರ್ಚು. ನೆಲ, ಮಾಡು, ಕಿಟಕಿ, ಲಿಫ್ಟುಗಳದ್ದು ಹೆಚ್ಚಾಗಿ ಇದ್ದಂತೆಯೇ ಇರುತ್ತದೆ. ನಿಜವಾದ ತೊಡಕು ಬೇರೆ. ಕಟ್ಟುವ ಹಣ ಒಂದು ಲೆಕ್ಕಶೀರ್ಷಿಕೆಯಿಂದ ಬರುತ್ತದೆ, ಕಾಪಾಡುವ ಹಣ ಇನ್ನೊಂದರಿಂದ. ಕಡಮೆ ಬೆಲೆಗೆ ಕೂಗಿದವನಿಗೆ ಟೆಂಡರು. ಮೂವತ್ತು ವರ್ಷದ ಮೇಲಿನ ರಿಪೇರಿಯ ಖರ್ಚನ್ನು ಕಡಮೆ ಮಾಡಿಕೊಟ್ಟವನಿಗೆ ಯಾವ ಬಹುಮಾನವೂ ಇಲ್ಲ. ಶಿಲಾಫಲಕದಲ್ಲಿ ಹೆಸರು ಕೆತ್ತಿಸಿಕೊಳ್ಳಲು ಹೊಸ ಕಟ್ಟಡ ಬೇಕು. ಹಳೆಯ ಚಾವಣಿಗೆ ಸುಣ್ಣಗಾರೆ ಹಾಕಿಸಿದವನ ಹೆಸರನ್ನು ಯಾವ ಕಲ್ಲಿನಲ್ಲೂ ಕೆತ್ತುವುದಿಲ್ಲ. ಇದರ ಮೇಲೆ ಇನ್ನೊಂದು ಲೆಕ್ಕ ಈಗ ಬಂದಿದೆ. ಮನುಷ್ಯರಿಂದ ವಾಯುಮಂಡಲಕ್ಕೆ ಸೇರುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ತಯಾರಿಕೆಯೊಂದರಿಂದಲೇ ಬರುತ್ತದೆ. ಐವತ್ತು ವರ್ಷಕ್ಕೊಮ್ಮೆ ಕೆಡವಿ ಕಟ್ಟುವ ವಿಲಾಸಕ್ಕೆ ನಮ್ಮ ಮೊಮ್ಮಕ್ಕಳು ಬಿಸಿಲಿನಲ್ಲಿ ಬೆಲೆ ತೆರುತ್ತಾರೆ.

ನಮ್ಮ ಮುಂದಿರುವ ಪರೀಕ್ಷೆ ಬೆಳಗಾವಿಯ ಸುವರ್ಣ ವಿಧಾನಸೌಧ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಅದನ್ನು ಉದ್ಘಾಟಿಸಿದರು. ಗಡಿನಾಡಿನ ಜನರ ಮನಸ್ಸಿಗೆ ಅದೊಂದು ಆಶ್ವಾಸನೆ. ಆ ಅರ್ಥದಲ್ಲಿ ಅದನ್ನು ವ್ಯರ್ಥವೆನ್ನುವವರೊಡನೆ ನಾನಿಲ್ಲ. ಆದರೆ ಚಳಿಗಾಲದ ಹತ್ತು ದಿನದ ಅಧಿವೇಶನ ಮುಗಿದ ಮೇಲೆ ಉಳಿದ ದಿನಗಳಲ್ಲಿ ಆ ಮಹಾಸೌಧದ ಬಹುಭಾಗ ಮೌನವಾಗಿರುತ್ತದೆ. ಕೆಲವು ಕಚೇರಿಗಳು ಅಲ್ಲಿಗೆ ಹೋದದ್ದುಂಟು. ರಾಜ್ಯಮಟ್ಟದ ಕಚೇರಿಗಳು ಬರಲೆಂಬ ಉತ್ತರ ಕರ್ನಾಟಕದ ಬೇಡಿಕೆ ಹಳೆಯದಾಗುತ್ತಲೇ ಇದೆ. ಎರಡು ಸಭಾಂಗಣಗಳನ್ನು ಬೇರೆಯದಕ್ಕೆ ಒಗ್ಗಿಸುವುದು ಕಷ್ಟ, ಒಪ್ಪಬೇಕು. ಮಿಕ್ಕ ಕೋಣೆಗಳಿಗೆ ಅಂತಹ ಅಡ್ಡಿಯೇನಿದೆ? ಅಲ್ಲಿ ಒಗ್ಗದಿರುವುದು ಕಲ್ಲಲ್ಲ, ಬೆಂಗಳೂರನ್ನು ಬಿಟ್ಟು ಕದಲಲೊಲ್ಲದ ನಮ್ಮ ಇಲಾಖೆಗಳ ಮನಸ್ಸು. ಧಾರವಾಡದ ರೈಲ್ವೆ ಕಟ್ಟಡಕ್ಕೆ ಒಂದು ಕಾಲೇಜು ದೊರಕಿದಂತೆ, ಈ ಸೌಧಕ್ಕೆ ಒಂದು ದೊಡ್ಡ ಸಂಶೋಧನಾಲಯವೋ ಗಡಿಭಾಗದ ದಾಖಲೆಗಳ ಭಂಡಾರವೋ ವರ್ಷದ ಹನ್ನೊಂದು ತಿಂಗಳ ಒಡನಾಡಿಯಾಗಿ ದೊರಕಬಾರದೇಕೆ?

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ತಾಲ್ಲೂಕಿನಲ್ಲಿ ಹಳೆಯ ಅಮಲ್ದಾರರ ಕಚೇರಿಯೋ ಖಜಾನೆಯೋ ಪ್ರವಾಸಿ ಬಂಗಲೆಯೋ ಒಂದಿರುತ್ತದೆ. ಅದನ್ನು ಕೆಡವುವ ಪ್ರಸ್ತಾಪವೂ ಎಲ್ಲಿಯೋ ಒಂದು ಕಡತದಲ್ಲಿರಬಹುದು. ರಜೆಯಲ್ಲಿ ಹತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ. ಚಾವಣಿಯ ಎತ್ತರವನ್ನೂ, ಕಿಟಕಿಯಿಂದ ಕಿಟಕಿಗೆ ದೂರವನ್ನೂ ಅಳೆಯಲಿ. ಎಷ್ಟು ಅಂಕಣವೆಂದು ಎಣಿಸಲಿ. ಚಾವಣಿ ಸೋರುವುದು ಎಲ್ಲಿ, ಏಕೆ ಎಂದು ನೋಡಲಿ. ಊರಿನ ಹಿರಿಯರನ್ನು ಕೇಳಿ, ಆ ಗೋಡೆಗಳ ನಡುವೆ ಇದುವರೆಗೆ ಯಾವ ಯಾವ ಕಚೇರಿಗಳು ಬಂದು ಹೋದವೆಂಬ ಪಟ್ಟಿಯನ್ನು ಬರೆಯಲಿ. ಒಂದು ಪ್ರತಿಯನ್ನು ಲೋಕೋಪಯೋಗಿ ಇಲಾಖೆಯ ಇಂಜಿನಿಯರರಿಗೆ, ಗುದ್ದಲಿ ಪೂಜೆಯ ದಿನ ಗೊತ್ತಾಗುವುದಕ್ಕೆ ಮೊದಲೇ ಕೊಟ್ಟುಬರಲಿ.